ಜೀಪಿನ ನಾಲಿಗೆ

ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಒಳಗಿಂದ ಪೆಟ್ರೋಲ್ ಹೊಗೆಯ ಕಮಟು ಬರುತ್ತಿತ್ತು.

ರಾತ್ರಿ ಪಾಳಿ ಮುಗಿಸಿ ಬಂದ ಇನ್‌ಸ್ಪೆಕ್ಟರ್ ಗೇಟಿನ ಹತ್ತಿರವೇ ನಿಂತಳು. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಅವಳ ಗಂಡ ಮಲಗಿದ್ದ. ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದವನು ಗಂಡನ ಬಾಲ್ಯದ ಗೆಳೆಯ. ಹಳೇ ಗಾಡಿಗಳ ವ್ಯಾಪಾರಿ. ಊರಿಗೆಲ್ಲ ಅವನು ಗುಜರಿ. ಗಂಡ ಆಸೆಪಟ್ಟು ಕೊಂಡ ಆ ಅಜ್ಜನ ಕಾಲದ ಜೀಪನ್ನು ಮೂರು ವಾರದ ಹಿಂದೆ ತಂದು ನಿಲ್ಲಿಸಿದವನೂ ಅವನೇ.

“ಅತ್ತಿಗೆ, ಹತ್ರ ಬರ್ಬೇಡಿ,” ಎಂದ.

ಅವಳು ಬಂದಳು. ಕತ್ತಿನ ಮೇಲೆ ಎರಡು ಬೆರಳಿಟ್ಟಳು. ಕೆಲಸದಲ್ಲಿ ಎಷ್ಟೋ ಕತ್ತುಗಳ ಮೇಲೆ ಇಟ್ಟ ಬೆರಳುಗಳೇ. ತಣ್ಣಗಿತ್ತು.

“ಯಾವಾಗ ನೋಡಿದ್ರಿ?”

“ಈಗಷ್ಟೇ. ಬೆಳಿಗ್ಗೆ ಬಂದು ಇಂಜಿನ್ ನೋಡು ಅಂದಿದ್ದ. ಬಂದ್ರೆ ಬಾಗಿಲು ಮುಚ್ಚಿದೆ, ಒಳಗೆ ಜೀಪು ಓಡ್ತಾ ಇದೆ. ಕೀ ತಿರುಗಿಸಿ ಆಫ್ ಮಾಡ್ದೆ, ಇವನನ್ನ ಹೊರಗೆ ಎಳ್ಕೊಂಡು ಬಂದೆ. ಬೇರೇನೂ ಮುಟ್ಟಿಲ್ಲ.”

“ರಾತ್ರಿ ಬಂದಿದ್ರಾ?”

“ಇಲ್ಲ ಅತ್ತಿಗೆ. ಭಾನುವಾರ ನೋಡಿದ್ದೇ ಕೊನೆ.”

ಅವಳು ತಲೆಯಾಡಿಸಿದಳು. ಗೇಟಿಗೆ ತೂಗುಹಾಕಿದ್ದ ಹಾಲಿನ ಪ್ಯಾಕೆಟ್ಟನ್ನು ಒಯ್ದು ಫ್ರಿಜ್ಜಿನಲ್ಲಿಟ್ಟಳು. ಆಮೇಲೆ ಠಾಣೆಗೆ ಫೋನ್ ಮಾಡಿದಳು. ತನ್ನದೇ ಠಾಣೆಗೆ. ವಿಳಾಸ ಹೇಳುವಾಗ ಧ್ವನಿ ನಡುಗಲಿಲ್ಲ. ನಡುಗಬೇಕಿತ್ತು ಎಂದು ಆಮೇಲೆ ಅನ್ನಿಸಿತು.

* * *

ಕೇಸು ಅವಳ ಕೈ ಕೆಳಗಿನ ಎಸ್.ಐ.ಗೆ ಹೋಯಿತು. ಹುಡುಗ ಒಳ್ಳೆಯವನು. ಶೆಡ್ಡಿಗೆ ಬೀಗ ಹಾಕಿ ಸೀಲು ಮಾಡಿದ. ನಾಲ್ಕಾರು ದಿನ ಓಡಾಡಿದ. ಕೊನೆಗೆ ಅವಳೆದುರು ಬಂದು ನಿಂತು ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸತೊಡಗಿದ.

“ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ ಮೇಡಂ.”

“ಬೇರೆಯವರ ಮನೇಲಿ ಹೇಳೋ ಹಾಗೇ ಹೇಳು.”

“ರಕ್ತದಲ್ಲಿ ಹೊಗೆಯ ವಿಷ ತುಂಬಿದೆ. ಅಂದ್ರೆ ಇಂಜಿನ್ ಓಡುವಾಗ ಜೀವ ಇತ್ತು. ತಲೆ ಹಿಂದೆ ಪೆಟ್ಟಿದೆ. ಮಂಪರು ಬಂದು ಬಿದ್ದಾಗ ಆಗಿರಬಹುದು ಅಂತಾರೆ ಡಾಕ್ಟರು. ಗವಾಕ್ಷಿಗೆ ಗೋಣಿಚೀಲ ತುರುಕಿತ್ತು.”

“ಅದು ಪಾರಿವಾಳ ಬರ್ಬಾರ್ದು ಅಂತ. ನಾನೇ ತುರುಕಿದ್ದು. ಪಕ್ಕದ ಮನೆ ಮೇಷ್ಟ್ರು?”

ಮೇಷ್ಟರಿಗೆ ಜೀಪಿನ ಸದ್ದು ಕಂಡರಾಗುತ್ತಿರಲಿಲ್ಲ. ‘ಒಂದಿನ ನಿನ್ನನ್ನ ಆ ಶೆಡ್ಡಲ್ಲೇ ಕೂಡಿಹಾಕ್ತೀನಿ’ ಎಂದು ಬೀದಿಗೆ ಕೇಳುವಂತೆ ಕೂಗಿದ್ದರು.

“ವಿಚಾರಿಸ್ದೆ. ಮೊಮ್ಮಗನ್ನ ನೋಡೋಕೆ ಹೋಗಿ ವಾರದ ಮೇಲಾಗಿತ್ತು. ಮನೆಗೆ ಬೀಗ. ಅದಕ್ಕೇ ಇಂಜಿನ್ ಸದ್ದು ಯಾರಿಗೂ ಕೇಳಿಸಿಲ್ಲ.” ಅವನು ತಡವರಿಸಿದ. “ಕಾರ್ಖಾನೆ ಮುಚ್ಚಿದ ಮೇಲೆ ಸರ್ ಮನೇಲೇ ಇರ್ತಿದ್ರು. ಎಲ್ಲರದ್ದೂ ಒಂದೇ ಮಾತು ಮೇಡಂ.”

“ತಾನೇ ಮಾಡ್ಕೊಂಡ ಅಂತ.”

ಎಸ್.ಐ. ಫ್ಯಾನಿನ ಕಡೆ ನೋಡಿದ. ಅದು ತಿರುಗುತ್ತಿರಲಿಲ್ಲ.

“ಸರಿ,” ಎಂದಳು. ಈ ಮಾತನ್ನು ಅವಳೇ ಎಷ್ಟು ಮನೆಗಳಲ್ಲಿ ಹೇಳಿದ್ದಳೋ. ಕೇಳಿದವರು ಹೀಗೇ ಸರಿ ಎಂದಿದ್ದರು. ಅವರಿಗೆ ಅರ್ಥವಾಯಿತೆಂದು ಅವಳು ತಿಳಿದಿದ್ದಳು.

ಅವಳಿಗೆ ಮೈಯೆಲ್ಲ ಜೋಮು ಹಿಡಿದಂತಿತ್ತು. ಅನ್ನ ಬೇಯಿಸಿದಳು. ಸಮವಸ್ತ್ರ ಇಸ್ತ್ರಿ ಮಾಡಿದಳು. ಹತ್ತು ವರ್ಷದ ಮಗಳಿಗೆ ಜಡೆ ಹೆಣೆಯಲು ಕುಳಿತಳು.

“ಅಮ್ಮ.”

“ಹ್ಞೂಂ.”

“ನಾನು ಜೀಪು ಸ್ಟಾರ್ಟ್ ಮಾಡಿ ಗೋಡೆಗೆ ಗುದ್ದಿಸಿದ್ನಲ್ಲ, ಅವತ್ತು ಅಪ್ಪ ತುಂಬಾ ಬೈದ್ರು. ಆ ಕೋಪಕ್ಕೇ ಹೋಗ್ಬಿಟ್ರಾ?”

“ಇಲ್ಲ ಪುಟ್ಟಿ.”

“ನಿಂಗೆ ಹೇಗೆ ಗೊತ್ತು?”

ಅವಳು ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದಳು. ಕೇಸು ಯಾರದ್ದಾದರೂ ಆಗಿರಲಿ, ಈ ಪ್ರಶ್ನೆ ಅವಳದ್ದಾಗಿತ್ತು. ಮಗಳು ಅದನ್ನು ಹೊತ್ತುಕೊಂಡೇ ಬೆಳೆಯುತ್ತಾಳೆ. ಯಾರೂ ಇಳಿಸದಿದ್ದರೆ ಹೊತ್ತುಕೊಂಡೇ ಮುದುಕಿಯಾಗುತ್ತಾಳೆ.

* * *

ಮರುವಾರ ಎಸ್.ಐ. ಶೆಡ್ಡಿನ ಬೀಗದ ಕೈಯನ್ನೂ ಒಂದು ಬಟ್ಟೆಚೀಲವನ್ನೂ ತಂದುಕೊಟ್ಟ. ಗಂಡನ ಮೈಮೇಲಿದ್ದ ವಸ್ತುಗಳು. ಕನ್ನಡಕ, ಕೈಗಡಿಯಾರ, ಎಣ್ಣೆಜಿಡ್ಡಿನ ಕರ್ಚೀಫು. ಮತ್ತೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಪ್ಪು ಚೂರು. ಅದರ ತುದಿಯಲ್ಲಿ ಹಿತ್ತಾಳೆಯ ಪಟ್ಟಿ.

“ಇದೇನೋ?”

“ಗೊತ್ತಿಲ್ಲ ಮೇಡಂ. ಅಂಗಿ ಜೇಬಲ್ಲಿತ್ತು.”

“ಅದು ಜೀಪಿನ ನಾಲಿಗೆ,” ಎಂದಳು ಮಗಳು ಬಾಗಿಲ ಸಂದಿಯಿಂದ.

ಇಬ್ಬರೂ ತಿರುಗಿದರು.

“ಅದನ್ನ ತೆಗೆದಿಟ್ರೆ ಜೀಪು ಮಾತಾಡಲ್ಲ. ನಾನು ಗುದ್ದಿಸಿದ ಮೇಲೆ ಅಪ್ಪ ದಿನಾ ಕೆಲಸ ಮುಗೀತಿದ್ದ ಹಾಗೇ ತೆಗೆದು ಜೇಬಿಗೆ ಹಾಕ್ಕೊಳ್ತಿದ್ರು. ಆಮೇಲೆ ನಾನು ಕೂತು ಎಷ್ಟು ಸಲ ಕೀ ತಿರುಗಿಸಿದ್ರೂ ಏನೂ ಆಗ್ತಿರಲಿಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಗೊತ್ತಾದ್ರೆ ಇಬ್ಬರನ್ನೂ ಲಾಕಪ್ಪಿಗೆ ಹಾಕ್ತೀಯ ಅಂದಿದ್ರು.”

ಎಸ್.ಐ. ನಗು ತಡೆದುಕೊಂಡ. ಅವಳು ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬದಿಯಲ್ಲಿ ಕೂದಲೆಳೆಯಂಥ ಬಿರುಕು.

ಅವನು ಸಾಯುವ ಹಿಂದಿನ ಸಂಜೆಯ ಫೋನು ನೆನಪಾಯಿತು. ಅವಳು ಠಾಣೆಯಲ್ಲಿದ್ದಳು. ಗಂಡ ಹಿಗ್ಗಿ ಹೀರೇಕಾಯಿಯಾಗಿದ್ದ.

‘ಸಿಕ್ತು ಕಣೇ! ರೋಟರ್ರು. ನಾಲ್ಕು ಪ್ಲಗ್ಗಿಗೂ ಸರದಿ ಪ್ರಕಾರ ಕರೆಂಟ್ ಹಂಚೋದು. ಅದರಲ್ಲೇ ಬಿರುಕು. ಕಿಡಿ ದಾರೀಲೇ ಸೋರಿಹೋಗ್ತಿದೆ. ಅದಕ್ಕೇ ಇಷ್ಟು ದಿನ ಇಂಜಿನ್ ಮಿಸ್ಸಿಂಗ್ ಹೊಡ್ಕೊಂಡು ಕುಂಟ್ತಿತ್ತು. ಪ್ಲಗ್ ಬದಲಾಯಿಸಿದ್ದು, ಕಾರ್ಬುರೇಟರ್ ತೊಳೆದಿದ್ದು ಎಲ್ಲಾ ದಂಡ.’

‘ಹೊಸದು ಹಾಕು ಮತ್ತೆ.’

‘ಎಲ್ಲಿಂದ? ಗುಜರಿನ ಈಗಷ್ಟೇ ಕೇಳ್ದೆ, ಅವನ ಹತ್ರಾನೂ ಇಲ್ವಂತೆ. ಹೊರಗಿಂದ ತರಿಸ್ಬೇಕು. ಇನ್ನೊಂದು ವಿಷಯ ಇದೆ, ಬೆಳಿಗ್ಗೆ ಬಾ ಹೇಳ್ತೀನಿ.’

ವೈರ್‌ಲೆಸ್ ಕರೆಯುತ್ತಿತ್ತು. ‘ಸರಿ, ಇಡ್ತೀನಿ,’ ಎಂದಿದ್ದಳು. ಅವನಿಗೆ ಅವಳು ಹೇಳಿದ ಕೊನೆಯ ಮಾತು ಅದು.

ಮೂವರೂ ಶೆಡ್ಡಿಗೆ ಹೋದರು. ಬಾನೆಟ್ ಎತ್ತಿದರು. ತಂತಿಗಳು ಹೊರಡುವ ಕಪ್ಪು ಮುಚ್ಚಳವನ್ನು ಮಗಳೇ ತೋರಿಸಿದಳು. “ಎರಡೂ ಕಡೆ ಕ್ಲಿಪ್ಪಿದೆ, ಒತ್ತು.”

ಮುಚ್ಚಳ ಬಂತು.

“ಅಮ್ಮ, ಇಲ್ಲಿ ಬೇರೆ ನಾಲಿಗೆ ಇದೆ,” ಎಂದಳು ಮಗಳು.

ಹೊಸದು. ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಅಡಿಯಲ್ಲಿ ಕೆಂಪು ಬಣ್ಣದ ಒಂದು ಬೊಟ್ಟು. ಆ ಬೊಟ್ಟನ್ನು ಅವಳು ಬಲ್ಲಳು. ಗಿರಾಕಿಗಳು ಕೆಟ್ಟ ಸಾಮಾನು ತಂದು ‘ನಿನ್ನದೇ, ಬದಲಾಯಿಸಿಕೊಡು’ ಎನ್ನಬಾರದೆಂದು ಗುಜರಿ ತನ್ನ ಅಂಗಡಿಯ ಪ್ರತಿ ಬಿಡಿಭಾಗಕ್ಕೂ ಹಚ್ಚುತ್ತಿದ್ದ ಬೊಟ್ಟು ಅದು.

ಮಗಳನ್ನು ಮನೆಯೊಳಗೆ ಕಳಿಸಿದಳು. ಮುಚ್ಚಳ ಹಾಕಿ ಕೀ ತಿರುಗಿಸಿದಳು. ವಾರಗಟ್ಟಲೆ ಕೆಮ್ಮುತ್ತ, ಕುಂಟುತ್ತ, ಮನೆಯವರ ತಲೆ ತಿಂದಿದ್ದ ಇಂಜಿನ್ ಒಂದೇ ಸಮನೆ ಓಡತೊಡಗಿತು. ಒಂದು ಏಟೂ ತಪ್ಪಲಿಲ್ಲ.

“ಮೇಡಂ,” ಎಂದ ಎಸ್.ಐ. ಮೆಲ್ಲಗೆ, “ಇದು ರಿಪೇರಿ ಆಗಿದೆ.”

“ಆಗಿದೆ. ಟಾರ್ಚ್ ಕೊಡು.”

ಇಂಜಿನ್ನಿನ ಮೈಮೇಲೆ ಒಂದು ಕಡೆ ಮಾತ್ರ ಗಂಡ ಸೀಮೆಎಣ್ಣೆ ಹಚ್ಚಿ ಲಕಲಕ ಉಜ್ಜಿದ್ದ. ಅಲ್ಲಿ ಇಂಜಿನ್ ನಂಬರ್ ಇತ್ತು. ಅದರ ಅಡಿಯಲ್ಲಿ, ಅರೆದು ಅಳಿಸಿದ ಇನ್ನೊಂದು ನಂಬರಿನ ನೆರಳೂ ಇತ್ತು.

* * *

ಜೀಪು ಮಾರುತ್ತೇನೆಂದು ಅವಳೇ ಹೇಳಿಕಳಿಸಿದಳು. ಗುಜರಿ ಮಧ್ಯಾಹ್ನ ಶೆಡ್ಡಿಗೆ ಬಂದ.

“ಜೀಪು ಮಾರ್ತೀರಂತೆ ಅತ್ತಿಗೆ. ಒಳ್ಳೇದು, ಕಣ್ಣೆದುರಿಗೆ ಇರ್ಬಾರ್ದು. ನಾನೇ ತಗೋತೀನಿ. ಇವತ್ತೇ ಕಟ್ಟಿ ಎಳೆಸ್ಕೊಂಡು ಹೋಗ್ತೀನಿ.”

“ಕೆಟ್ಟ ಇಂಜಿನ್ನಲ್ವಾ?”

“ಅದನ್ನ ನಾನು ನೋಡ್ಕೋತೀನಿ ಬಿಡಿ.”

“ಅವತ್ತು ಬೆಳಿಗ್ಗೆ ನೀವು ಆಫ್ ಮಾಡಿದಾಗ ಹೇಗೆ ಓಡ್ತಿತ್ತು?”

ಅವನು ಒಂದು ಗಳಿಗೆ ಯೋಚಿಸಿದ. “ಹೇಗೆ ಅಂದ್ರೆ, ಯಾವಾಗಿನ ಹಾಗೇ. ಮಿಸ್ಸಿಂಗ್ ಹೊಡ್ಕೊಂಡು, ಕುಂಟ್ಕೊಂಡು.”

“ಖಂಡಿತಾನಾ?”

“ನನ್ನ ಕಿವಿ ಸುಳ್ಳು ಹೇಳಲ್ಲ ಅತ್ತಿಗೆ.”

ಅವಳು ಕೈ ಚಾಚಿ ಕೀ ತಿರುಗಿಸಿದಳು.

ಇಂಜಿನ್ ಓಡಿತು. ಅವನ ಮುಖದ ಬಣ್ಣ ಇಳಿಯಿತು. ಬಾಗಿಲ ಬಳಿ ಎಸ್.ಐ. ಬಂದು ನಿಂತ.

“ಆ ಬೆಳಿಗ್ಗೆಯಿಂದ ಇವತ್ತಿನವರೆಗೆ ಈ ಬಾಗಿಲಿಗೆ ಪೊಲೀಸ್ ಸೀಲ್ ಇತ್ತು,” ಎಂದಳು. ದನಿ ವರದಿ ಓದುವಂತಿತ್ತು. “ಸಂಜೆ ಬಿರುಕು ರೋಟರ್. ಬೆಳಿಗ್ಗೆ ಹೊಸಾದು, ನಿಮ್ಮ ಬೊಟ್ಟಿರೋದು. ನನ್ನ ಗಂಡ ಕೇಳಿದಾಗ ನಿಮ್ಮ ಹತ್ರ ಇಲ್ಲ ಅಂದ್ರಿ. ಭಾನುವಾರದಿಂದ ಬಂದೇ ಇಲ್ಲ ಅಂದ್ರಿ. ಹಾಗಾದ್ರೆ ಇದು ಕಾಲು ಬಂದು ನಡ್ಕೊಂಡು ಬಂತಾ?”

ಅವನು ಬಾನೆಟ್ಟಿನ ಕಡೆ ನೋಡಿದ.

“ಕೆಲಸ ಮುಗಿಸಿ ಅವರು ರೋಟರ್ ತೆಗೆದು ಜೇಬಿಗೆ ಹಾಕಿದ್ರು. ಮಗಳು ಕೀ ತಿರುಗಿಸ್ತಾಳೆ ಅಂತ. ಅದು ನಿಮಗೆ ಗೊತ್ತಿರಲಿಲ್ಲ. ಸ್ಟಾರ್ಟ್ ಮಾಡೋಕೆ ಹೋದ್ರಿ, ಆಗ್ಲಿಲ್ಲ. ಮುಚ್ಚಳ ತೆಗೆದ್ರೆ ಒಳಗೆ ಖಾಲಿ. ಬೇರೆ ಯಾರೇ ಆಗಿದ್ರೂ ಅಲ್ಲಿಗೆ ಬಿಟ್ಟು ಓಡ್ತಿದ್ರು. ನೀವು ನಿಮ್ಮ ಗಾಡಿಯಿಂದ ಒಂದು ತಂದು ಹಾಕಿದ್ರಿ.”

ಗುಜರಿ ಜೀಪಿನ ಬಂಪರಿನ ಮೇಲೆ ಕುಳಿತ. 

“ಆಮೇಲೆ ಹುಡುಕಿದಾಗ ಅಂಗಡೀಲಿ ಒಂದು ಸಿಕ್ತು, ಕೊಡೋಣ ಅಂತ ರಾತ್ರಿ ಬಂದೆ. ಅಷ್ಟರಲ್ಲಿ ಅವನಿಗೆ ನಂಬರ್ ಕಂಡುಬಿಟ್ಟಿತ್ತು,” ಎಂದ. “ಕದ್ದ ಗಾಡಿ ಅಂತ ಗೊತ್ತಾಯ್ತು. ನಿಮ್ಮ ಹತ್ರ ಹೇಳ್ಬೇಡ ಅಂದೆ, ಕೈ ಮುಗಿದೆ. ಅವಳ ಹತ್ರ ನಾನು ಮುಚ್ಚಿಡೋಕಾಗಲ್ಲ ಕಣೋ, ನೀನೇ ಬಂದು ಹೇಳು, ನಾನೂ ಜೊತೇಲಿರ್ತೀನಿ ಅಂದ. ತಳ್ಳಿದೆ ಅತ್ತಿಗೆ. ಬರೀ ತಳ್ಳಿದೆ. ತಲೆ ಇಲ್ಲೇ, ಈ ಬಂಪರಿಗೇ ಬಡೀತು. ಸತ್ತ ಅಂದ್ಕೊಂಡೆ.”

“ಸತ್ತವರಿಗೆ ಹೊಗೆ ಯಾಕೆ ಹಾಕಿದ್ರಿ?”

ಅವನ ಕಣ್ಣು ಹಿತ್ತಲಿನ ಕಲ್ಲುಚಪ್ಪಡಿಯ ಕಡೆ ಹೋಯಿತು.

ಅವಳು ಇಂಜಿನ್ ಆಫ್ ಮಾಡಿದಳು. ಕೋಪ ಬರುತ್ತದೆಂದು ಕಾದಳು. ಬರಲಿಲ್ಲ. “ಕರ್ಕೊಂಡು ಹೋಗು,” ಎಂದಳು ಎಸ್.ಐ.ಗೆ. “ಬೇಡಿ ಮನೆ ಹೊರಗೆ ಹಾಕು. ಮಗು ನೋಡುತ್ತೆ.”

* * *

ರೋಟರ್ ಎರಡೂ ಸಾಕ್ಷಿಯ ಲಕೋಟೆಗೆ ಹೋದವು.

ಸಂಜೆ ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಹೋಗಿ ಮಗಳನ್ನೆತ್ತಿ ಜೀಪಿನ ಸ್ಟೀರಿಂಗಿನ ಹಿಂದೆ ಕೂರಿಸಿದಳು. ತಾನು ಪಕ್ಕದ ಸೀಟಿನಲ್ಲಿ ಕುಳಿತಳು.

“ಆ ರಾತ್ರಿ ನೀನೆಲ್ಲಿದ್ದೆ?”

“ಅಜ್ಜಿ ಮನೇಲಿ.”

“ಯಾವಾಗ ವಾಪಸ್ ಬರೋಳಿದ್ದೆ?”

“ಬೆಳಿಗ್ಗೆ.”

“ಬಂದು ಮೊದಲು ಏನ್ ಮಾಡ್ತಿದ್ದೆ?”

ಮಗಳು ತಲೆ ತಗ್ಗಿಸಿದಳು. “ಇಲ್ಲಿ ಬಂದು ಕೂತ್ಕೊಳ್ತಿದ್ದೆ.”

“ಅದು ಅಪ್ಪಂಗೆ ಗೊತ್ತಿತ್ತು. ಅದಕ್ಕೇ ನಾಲಿಗೆ ತೆಗೆದು ಜೇಬಿಗೆ ಹಾಕಿದ್ರು. ಬಿಟ್ಟು ಹೋಗೋರಾಗಿದ್ರೆ ಅದನ್ನ ಯಾಕೆ ತೆಗೀತಿದ್ರು?”

ಮಗಳು ಸ್ಟೀರಿಂಗಿನ ಮೇಲೆ ಬೆರಳಾಡಿಸಿದಳು.

“ಹಾಗಾದ್ರೆ ಕೋಪ ಇರಲಿಲ್ಲ.”

“ಇರಲಿಲ್ಲ.”

“ನಿಂಗೆ ಹೇಗೆ ಗೊತ್ತು?”

“ಸಾಕ್ಷಿ ಇದೆ.”

ಮಗಳು ಅವಳ ಮುಖ ನೋಡಿದಳು. ಆಮೇಲೆ ಕೀ ತಿರುಗಿಸಿದಳು. ಸ್ಟಾರ್ಟರ್ ಗರಗರ ಎಂದಿತು. ಇಂಜಿನ್ ಹಿಡಿಯಲಿಲ್ಲ.

“ಇನ್ನೊಂದ್ಸಲ ತಿರುಗಿಸ್ಲಾ?”

“ಎಷ್ಟು ಸಲ ಬೇಕಾದ್ರೂ ತಿರುಗಿಸು. ಏನೂ ಆಗಲ್ಲ.”