ಸೀಟಿ ಊದ್ರಿ ಸರ್

ಆಟಕ್ಕೆ ಮೊದಲು ರೆಫರಿ ಪ್ರತಿ ಆಟಗಾರ್ತಿಯ ಕೈ, ಕಿವಿ ನೋಡಬೇಕು. ಬಳೆ, ಓಲೆ, ಉಂಗುರ ಇದ್ದರೆ ತೆಗೆಸಬೇಕು. ರೆಫರಿ ಗುರುನಾಥ, ಇಂಡಿ ಊರಿನ ಕ್ಲಬ್ಬಿನ ಸಾಲನ್ನು ಒಬ್ಬೊಬ್ಬರಾಗಿ ನೋಡುತ್ತಾ ಬಂದ. ಕೊನೆಗೆ ನಿಂತಿದ್ದ ಗೋಲ್‌ಕೀಪರ್ ಭಾಗ್ಯಜ್ಯೋತಿಯ ಎದುರು ಮಾತ್ರ ಅವನ ಕಣ್ಣು ಅವಳ ಬೂಟಿನ ಲೇಸಿಗಿಂತ ಮೇಲೇರಲಿಲ್ಲ. ಸರಿ ಎಂದು ತಲೆಯಾಡಿಸಿ ತಿರುಗಿದ.

"ನನ್ನ ಕೈ ನೋಡಲಿಲ್ರಿ ಸರ್," ಎಂದಳು ಅವಳು.

ಎರಡೂ ಅಂಗೈ ಚಾಚಿದಳು. ಅವನು ನೋಡಿದ. ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ನೋಡಿದ. ಅವನ ಕಿವಿ ಕೆಂಪಾಯಿತು.

"ಭವಿಷ್ಯ ಹೇಳ್ತೀರೇನ್ರಿ ಸರ್?" ಎಂದಳು ಪಕ್ಕದಲ್ಲಿದ್ದ ಕ್ಯಾಪ್ಟನ್ ಹಜರಾಬಿ.

ಸಿಂದಗಿಯ ಮೈದಾನದಲ್ಲಿ ಅಂದು ಮಹಿಳಾ ಫುಟ್‌ಬಾಲ್ ಕ್ಲಬ್ಬುಗಳ ಫೈನಲ್. ಇಂಡಿಗೂ ಮುದ್ದೇಬಿಹಾಳಕ್ಕೂ ಪಂದ್ಯ. ಗುರುನಾಥ ಬಾಗೇವಾಡಿಯ ಪಿ.ಟಿ. ಮಾಸ್ತರ. ಎರಡೂ ಊರಿನ ನಂಟಿಲ್ಲದವನೆಂದು ಕಮಿಟಿ ಅವನ ಕೈಗೇ ಸೀಟಿ ಕೊಟ್ಟಿತ್ತು. ಬರುವ ಸೋಮವಾರ ಅವನ ಅವ್ವ ತಾಂಬಾ ಊರಿಗೆ, ಭಾಗ್ಯಜ್ಯೋತಿಯ ಮನೆಗೆ, ಸಕ್ಕರೆ ತರುವವಳಿದ್ದಾಳೆಂಬುದು ಕಮಿಟಿಗೆ ತಿಳಿದಿರಲಿಲ್ಲ. ಸಕ್ಕರೆ ಹಂಚಿದರೆ ಮದುವೆಯ ಮಾತು ಗಟ್ಟಿ. ಅಲ್ಲಿಯತನಕ ಸುದ್ದಿ ಹೊರಬೀಳಬಾರದೆಂದು ಹಿರಿಯರು ಇಬ್ಬರ ಬಾಯಿಗೂ ಬೀಗ ಹಾಕಿದ್ದರು.

ಅವನು ಅವಳಿಗೆ ಇಷ್ಟವಾಗಿದ್ದ. ಹಿಂದಿನ ವರ್ಷದ ತರಬೇತಿ ಕ್ಯಾಂಪಿನಲ್ಲಿ ಹುಡುಗಿಯರು ಬಿದ್ದಾಗ ಓಡಿಬಂದು ಎತ್ತದೆ, "ಏಳ್ರಿ" ಎಂದು ಕಾದು ನಿಲ್ಲುತ್ತಿದ್ದವನು ಅವನೊಬ್ಬನೇ. ಆದರೆ ಮೊನ್ನೆ ಫೋನಿನಲ್ಲಿ, ಮದುವೆಯಾದ ಮೇಲೂ ನಿಮ್ಮನ್ನು ಆಡಲು ಬಿಡುತ್ತೇನೆ ಎಂದಿದ್ದ. ಪ್ರೀತಿಯಿಂದಲೇ ಹೇಳಿದ್ದ. ಆ ಮಾತು ಅಂದಿನಿಂದ ಬೂಟಿನೊಳಗೆ ಸೇರಿದ ಹರಳಿನಂತೆ ಅವಳನ್ನು ಚುಚ್ಚುತ್ತಿತ್ತು. ಇಂದು ಬಿಡುವವನು ನಾಳೆ ಹಿಡಿಯಲೂಬಹುದಲ್ಲ.

ಆಟ ಮುಗಿಯಲು ಬಂದರೂ ಯಾರಿಗೂ ಗೋಲಾಗಿರಲಿಲ್ಲ. ಆಗ ಮುದ್ದೇಬಿಹಾಳದ ಯಶೋಧಾ ಎಲ್ಲರನ್ನೂ ದಾಟಿ ಚೆಂಡಿನೊಡನೆ ನುಗ್ಗಿಬಂದಳು. ಭಾಗ್ಯಜ್ಯೋತಿ ಅಡ್ಡ ಹಾರಿದಳು. ಕೈಗೆ ಸಿಕ್ಕಿದ್ದು ಚೆಂಡಲ್ಲ, ಯಶೋಧಾಳ ಪಾದ. ಯಶೋಧಾ ಧೂಳಿನಲ್ಲಿ ಉರುಳಿದಳು, ಚೆಂಡು ಗೆರೆಯಾಚೆ ಹೋಯಿತು.

ಗುರುನಾಥ ಹತ್ತಿರದಲ್ಲೇ ಇದ್ದ. ಸೀಟಿ ತುಟಿಗೆ ಹೋಗಿದ್ದನ್ನು ಅವಳು ಕಂಡಳು. ಕೆಳಗಿಳಿದದ್ದನ್ನೂ ಕಂಡಳು. ಏನೂ ಆಗಿಲ್ಲವೆಂದು ಅವನು ಕೈಬೀಸಿದ. ಇಂಡಿಯವರು ಚಪ್ಪಾಳೆ ತಟ್ಟಿದರು.

ಭಾಗ್ಯಜ್ಯೋತಿ ಎದ್ದು ನೇರ ಅವನ ಬಳಿಗೆ ನಡೆದಳು.

"ಸರ್, ನಾ ಕಾಲ ಹಿಡದೇನಿ. ಪೆನಲ್ಟಿ ಕೊಡ್ರಿ."

"ಸುಮ್ನ ಹೋಗ್ರಿ," ಎಂದ ಅವನು ತಗ್ಗಿದ ದನಿಯಲ್ಲಿ. "ಕಪ್ ಹೋಗ್ತೈತಿ."

"ಹೋಗ್ಲಿ. ಕಪ್ ಮುಂದಿನ ವರ್ಷ ಗೆಲ್ಲಾಕ ಬರ್ತೈತಿ. ಇವತ್ತ ನೀವು ದಾನ ಕೊಟ್ರ, ನಾ ಜನ್ಮಪೂರ್ತಿ ನಿಮ್ಮ ಮುಂದ ಕೈ ಒಡ್ಡಬೇಕಾಗ್ತೈತಿ."

ಅವನು ಅಂದು ಮೊದಲ ಸಲ ಅವಳ ಕಣ್ಣನ್ನೇ ನೋಡಿದ. ಅಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ, ಅವನನ್ನು ಕಳೆದುಕೊಳ್ಳುವ ಅಂಜಿಕೆಯೂ ಇತ್ತು. ಆದರೂ ಅವಳು ಕದಲಲಿಲ್ಲ.

"ಸೀಟಿ ಊದ್ರಿ ಸರ್. ಇಲ್ಲಂದ್ರ ಸೋಮವಾರ ನಿಮ್ಮ ಅವ್ವಾರ್ನ ಕಳಸಬ್ಯಾಡ್ರಿ."

ಅವನು ಊದಿದ.

ಇಂಡಿಯವರ ಕಡೆಯಿಂದ ಬೈಗುಳ ಮಳೆಯಂತೆ ಸುರಿಯಿತು, ಅರ್ಧ ಅವನಿಗೆ, ಅರ್ಧ ಅವಳಿಗೆ. ನಿನಗೇನು ತಲೆ ಕೆಟ್ಟಿದೆಯೇ ಎಂದು ಕೇಳಿ ಹಜರಾಬಿ ಮುಖ ತಿರುಗಿಸಿದಳು. ಯಶೋಧಾ ಒದ್ದಳು. ಭಾಗ್ಯಜ್ಯೋತಿ ಸರಿಯಾದ ಕಡೆಗೇ ಹಾರಿದಳು. ಚೆಂಡು ಬೆರಳ ತುದಿಯನ್ನು ಸವರಿಕೊಂಡು ಬಲೆಗೆ ಬಿತ್ತು. ಕಪ್ ಮುದ್ದೇಬಿಹಾಳದ್ದಾಯಿತು.

ಅವಳು ಅಳಲಿಲ್ಲ. ಯಶೋಧಾಳ ಕೈ ಕುಲುಕಿ, ಮೊಣಕಾಲಿನ ಧೂಳು ಝಾಡಿಸಿ, ಟೆಂಪೋದ ಕಡೆಗೆ ನಡೆದಳು.

ಗುರುನಾಥ ಹಿಂದಿನಿಂದ ಬಂದ. ಮುಖ ಬಾಡಿತ್ತು, ನಡಿಗೆ ಮಾತ್ರ ಹಗುರವಾಗಿತ್ತು.

"ಕಮಿಟಿ ಮುಂದ ಎಲ್ಲಾ ಹೇಳಿ ಬಂದೇನ್ರಿ. ಸಂಬಂಧ ಮುಚ್ಚಿಟ್ಟು ಸೀಟಿ ಹಿಡದೆ ಅಂತ, ಮೊದಲಿಗೆ ಸುಳ್ಳ ಕೈ ಬೀಸಿದೆ ಅಂತ. ಇನ್ನ ನನ್ನ ಕರಿಯೂದಿಲ್ಲ ಅವರು."

ಅವಳು ನಿಂತಳು. ಬೆಳಗಿನಿಂದ ಬಿಗಿದಿದ್ದ ತುಟಿ ತುಸುವೇ ಸಡಿಲಾಯಿತು.

"ಹೇಳ್ರಿ ಅಂತ ನಾ ಅಂದಿದ್ದಿಲ್ಲ."

"ನೀವು ಅಂದಿದ್ರ ಹೇಳಿದ್ದಕ್ಕ ಏನ್ ಕಿಮ್ಮತ್ತಿತ್ರಿ?" ಎಂದ ಅವನು. ಆಮೇಲೆ ಅಂಜುತ್ತಾ, "ಸೋಮವಾರ ಅವ್ವ ಬರೂದೋ ಬ್ಯಾಡೋ?"

"ಬರೂದು ಬ್ಯಾಡ."

ಅವನ ಮುಖ ಇಳಿದುಹೋಯಿತು. ಅವಳು ಅದನ್ನು ಒಂದು ಗಳಿಗೆ ಪೂರ್ತಿ ನೋಡಿದಳು. ಚೆಂದ ಕಂಡಿತು.

"ನಾನ ಬರ್ತೇನಿ ಬಾಗೇವಾಡಿಗೆ, ಸಕ್ಕರಿ ತಗೊಂಡು."

"ಹೆಣ್ಣಿನವರು ತರೂ ಪದ್ಧತಿ ಇಲ್ಲಲ್ರಿ."

"ಇಲ್ಲಂದ್ರ ಇಲ್ಲ. ನಾ ತರ್ತೇನಿ."

ಟೆಂಪೋದ ಕಿಟಕಿಯಿಂದ ಹಜರಾಬಿಯ ತಲೆ ಹೊರಬಂತು. ಮೈದಾನದಲ್ಲಿ ಮುಖ ತಿರುಗಿಸಿದ್ದವಳು ಇವರ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ಎಲ್ಲಾರೂ ಬರ್ತೇವಿ ತಗೋ," ಎಂದಳು. "ಕಪ್ ಅಂತೂ ಹೊರಲಿಲ್ಲ, ಸಕ್ಕರೀನಾದ್ರೂ ಹೊರೂಣು."