ಫೆನ್ಸಿನ ಮುಂದಿನ ಪೆನ್ಸಿಲ್ ಗೆರೆ

ದಿನಾಂಕ 12-11-2024, ಮಂಗಳವಾರ. ಮುಂಜಾನೆ 11:20ಕ್ಕೆ ಜೇವರ್ಗಿ ಠಾಣೆಗೆ ಭಾಗ್ಯಜ್ಯೋತಿ ಬಂದಾಗ ಅವಳ ಸೆರಗಿಗೆ ರಕ್ತವೂ ಅಂಟಿತ್ತು, ಕಟ್ಟಿಗೆಯ ಪುಡಿಯೂ ಅಂಟಿತ್ತು. ಗಂಡ ಸುನೀಲಕುಮಾರ ವಿಜಯಪುರ ರಸ್ತೆಯಲ್ಲಿ ಬಾಗಿಲು, ಚೌಕಟ್ಟು ಮಾಡುವ ಅಂಗಡಿ ಇಟ್ಟವನು. ಆ ಮುಂಜಾನೆ 9:40ಕ್ಕೆ ಹಿಂದೆಮುಂದೆ ಜಾರುವ ಗರಗಸದ ಯಂತ್ರಕ್ಕೆ ಅವನ ಎಡಗೈಯ ಎರಡು ಬೆರಳ ತುದಿ ಹೋಗಿದ್ದವು. ಅವನನ್ನು ಕಲಬುರಗಿ ಆಸ್ಪತ್ರೆಗೆ ಒಯ್ದಿದ್ದರು.

"ತಾನಾಗೇ ಆಗಿದ್ದಲ್ರಿ ಇದು. ಯಾರೋ ಬೋಲ್ಟ್ ಸಡ್ಲ ಮಾಡ್ಯಾರ."

"ಯಾರ ಮ್ಯಾಲೆ ಸಂಶಯ?" ಪಿಎಸ್‌ಐ ಬಸವಂತರಾಯ ಕೇಳಿದರು.

"ಜಮೀರನ ಮ್ಯಾಲೆ. ನಮ್ಮಲ್ಲೇ ಕೆಲಸಕ್ಕಿದ್ದಾನ. ನಿನ್ನಿ ಜಗಳಾ ಮಾಡಿದ್ದ."

ಮಾರಕ ಸಾಧನದಿಂದ ತೀವ್ರ ಗಾಯಪಡಿಸಿದ ಕಲಂ ಹಾಕಿ 11:50ಕ್ಕೆ ಎಫ್‌ಐಆರ್ ದಾಖಲಾಯಿತು. ಅದೇ ಮೇಜಿನ ಮೇಲೆ ಇನ್ನೊಂದು ಕಡತ ಇತ್ತು: ಜಮೀರನ ಪಾಸ್‌ಪೋರ್ಟ್ ಪರಿಶೀಲನೆ. ಸೌದಿಯಲ್ಲಿ ಬಡಿಗ ಕೆಲಸ ಸಿಕ್ಕಿತ್ತು, ಪೊಲೀಸ್ ವರದಿ ಒಂದೇ ಬಾಕಿ. ಪ್ರಕರಣದಲ್ಲಿ ಅವನ ಹೆಸರು ನಿಂತರೆ ಸೌದಿಯೂ ನಿಂತಂತೆಯೇ.

ಕಾನ್‌ಸ್ಟೇಬಲ್ ಮಯೂರ ಬರೆದು ಮುಗಿಸಿ ಪೆನ್ನು ಮುಚ್ಚಿದ. ಠಾಣೆಯಲ್ಲಿ ಅವನಿಗೆ ಎರಡು ಕೆಲಸ. ಒಂದು, ಬಂದವರು ಹೇಳಿದ್ದನ್ನು ಬರೆಯುವುದು. ಇನ್ನೊಂದು, ಅವರು ಹೋದ ಮೇಲೆ ಅವರ ದನಿಯಲ್ಲೇ ಮಾತಾಡಿ ತೋರಿಸುವುದು. ಎರಡನೆಯದಕ್ಕೆ ಸರ್ಕಾರ ಸಂಬಳ ಕೊಡುತ್ತಿರಲಿಲ್ಲ.

"ಮಿಷನ್ ಕೈ ಕೊಡೋದು ಕೇಳಿದ್ದೆ ಸರ್. ಇದು ಕೈ ತಗೊಂಡದ."

"ಬಾಯಿ ಮುಚ್ಚು. ಜೀಪ್ ತೆಗಿ."

12:40ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆರಂಭವಾಯಿತು. ಯಂತ್ರದ ಹಾಸಿನ ಹಿಂಬದಿಗೆ ಕಟ್ಟಿಗೆಯನ್ನು ಒರಗಿಸಲು ಕಬ್ಬಿಣದ ನೇರ ಪಟ್ಟಿ ಇತ್ತು. ಅಂಗಡಿಯವರ ಬಾಯಲ್ಲಿ ಅದು ಫೆನ್ಸ್. ನಾಲ್ಕು ಬೋಲ್ಟುಗಳಲ್ಲಿ ಎರಡು ಸಡಿಲ. ಗರಗಸವನ್ನು ಮುಂದಕ್ಕೆ ನೂಕಿದಾಗ ಕಟ್ಟಿಗೆ ಫೆನ್ಸಿಗೆ ಒತ್ತಬೇಕು, ಫೆನ್ಸ್ ಅಲುಗಾಡಬಾರದು. ಇಲ್ಲಿ ಫೆನ್ಸ್ ಹಿಂದೆ ಸರಿದಿತ್ತು. ಕಟ್ಟಿಗೆ ತಿರುಚಿಕೊಂಡು ಹಲ್ಲಿಗೆ ಸಿಕ್ಕಿ, ಹಿಡಿದ ಕೈಯನ್ನೂ ಎಳೆದುಕೊಂಡಿತ್ತು.

ಬಸವಂತರಾಯ ಬಗ್ಗಿ ನೋಡಿದರು. ಫೆನ್ಸ್ ಮೊದಲು ನಿಂತಿದ್ದ ಜಾಗದಲ್ಲಿ ಹಾಸಿನ ಮೇಲೆ ಒಂದು ತೆಳು ಪೆನ್ಸಿಲ್ ಗೆರೆ. ಗೆರೆಯ ಎರಡೂ ತುದಿಗೆ ಚಿಕ್ಕ ಅಡ್ಡಗೀಟು.

ಅಂಗಡಿಯ ಮೂಲೆಯಲ್ಲಿ ಜಮೀರ ನಿಂತಿದ್ದ. ಇಪ್ಪತ್ತೆಂಟರ ಪ್ರಾಯ.

"ಜಗಳಾ ಯಾತಕ್ಕ?"

"ಸೌದಿಗಿ ಹೋಗ್ತೇನಿ ಅಂದೆ. ಲಗ್ನದ ಸೀಜನ್‌ದಾಗ ನಡು ನೀರಾಗ ಬಿಡ್ತಿ ಏನಲೇ ಅಂದ್ರು."

"ನೀ ಏನಂದಿ?"

"ನಿಮ್ಮ ಮಿಷನ್ ನೀವೇ ನಡಸ್ಕೋರಿ ಅಂದೆ." ಅವನು ತಲೆ ತಗ್ಗಿಸಿದ. "ಹೊತ್ತು ಗೊತ್ತಿಲ್ಲದ ಮಾತು ಆತು ನೋಡ್ರಿ."

"ಬೋಲ್ಟ್ ಸಡ್ಲ ಮಾಡಿದಿ?"

"ಇಲ್ರಿ."

"ನಿನ್ನಿ ಅಂಗಡಿ ಬಿಟ್ಟು ಹೋಗಿದ್ದಿ?"

"ಮಾಲಕರು ಹವಳಗಾ ಊರಿಗಿ ಅಳತಿ ತಗೊಳ್ಳಾಕ ಹೋಗಿದ್ರು. ನಾ ಇಳಿಹೊತ್ತಿನ ಅಸರ್ ನಮಾಜಿಗಿ ಹೋಗಿದ್ದೆ, ಅರ್ಧ ತಾಸು. ಬೀಗ ಹಾಕಿದ್ದಿಲ್ಲ. ಬಂದು ನೋಡಿದ್ರ ಪ್ಲಗ್ ಕಿತ್ತು ಮೊಳಿಗಿ ತೂಗ ಹಾಕಿತ್ತು. ಆಮ್ಯಾಲೆ ಮಿಷನ್ ಹಚ್ಚಿಲ್ರಿ."

"ಈ ಗೀಟು ಯಾರದು?"

ಜಮೀರ ಗೆರೆ ನೋಡಿದ. ಒಂದು ಗಳಿಗೆ ಹೆಚ್ಚೇ ನೋಡಿದ. "ಗೊತ್ತಿಲ್ರಿ."

ಮಯೂರ ಗೋಡೆಯ ಕಡೆ ಕೈ ಮಾಡಿದ. ಪ್ಲೈವುಡ್ ಹಲಗೆಯೊಂದರ ಮೇಲೆ ನೀಲಿ ಬಣ್ಣದಲ್ಲಿ ಯಾರೋ ಗುಂಡಗೆ ಬರೆದಿದ್ದರು: "ಮುಂಜಾನಿ ಮೊದಲ ಪ್ಲಗ್ ಕಿತ್ತು ಕಣ್ಣಿಗಿ ಕಾಣೂವಂಗ ತೂಗ ಹಾಕು. ಫೆನ್ಸ್ ಎರಡೂ ಕೈಲೆ ನೂಕಿ ನೋಡು. ಮೂಲಿ ಅಳಿಯೂ ಗುನ್ಯಾ ಹಚ್ಚಿ ಬ್ಲೇಡ್ ಸೀದಾ ನಿಂತದೇನು ನೋಡು, ಹಲ್ಲಿಗಿ ತಾಕಿಸಬ್ಯಾಡ. ಕರೆಂಟ್ ಇಲ್ಲದ ಒಮ್ಮೆ ಪೂರಾ ಎಳದು, ಇಳಿಸಿ, ನೂಕು. ಬ್ಲೇಡಿನ ಮ್ಯಾಲಿನ ಮುಚ್ಚಳ ತಾನೇ ಬೀಳಬೇಕು. ಕಟ್ಟಿಗಿ ಶಿಕಂಜಿಲೆ ಬಿಗಿ, ಕೈ ಒಂದ್ ಗೇಣು ದೂರ ಇಡು. ಆಮ್ಯಾಲೆ ಕರೆಂಟ್."

ಪ್ರತಿ ಸಾಲಿನ ಕೆಳಗೆ ಒಂದು ಗೆರೆ. ಗೆರೆಯ ಎರಡೂ ತುದಿಗೆ ಚಿಕ್ಕ ಅಡ್ಡಗೀಟು.

"ಇದನ್ನ ಬರದಾವ ಯಾರು?"

ಜಮೀರ ಹಲಗೆಯ ಕಡೆ ಬೆನ್ನು ಮಾಡಿದ. ಬಸವಂತರಾಯ ದನಿ ಇಳಿಸಿದರು. "ನಿನ್ನ ಪಾಸ್‌ಪೋರ್ಟ್ ಕಾಗದ ನನ್ನ ಮೇಜಿನ ಮ್ಯಾಲದ, ತಮ್ಮಾ."

"ಗೊತ್ತದರಿ," ಎಂದ ಜಮೀರ. "ಬರದಾವ್ರು ಶ್ರೀನಿವಾಸ ಕಾಕಾ. ಅವರೇ ನನಗ ಗರಗಸ ಹಿಡಿಯೋದು ಕಲಿಸಿದವ್ರು. ಅವರು ಯಾರ ಕೈನೂ ಕಡಿಯಾವ್ರಲ್ರಿ."

ಜೀಪಿನಲ್ಲಿ ಬಸವಂತರಾಯ ಮಯೂರನನ್ನು ಕೇಳಿದರು, "ಕೈ ಕಡೀಬೇಕು ಅನ್ನಾವ, ಫೆನ್ಸ್ ವಾಪಸ್ ಇಟ್ಟಲ್ಲೇ ಇಡ್ಲಿಕ್ಕೆ ಗುರ್ತು ಯಾಕ ಮಾಡ್ತಾನ?"

ಮಯೂರ ಗೇರ್ ಬದಲಿಸಿದ.

ದಿನಾಂಕ 13, ಬೆಳಿಗ್ಗೆ 11:00. ಕಲಬುರಗಿ ಆಸ್ಪತ್ರೆಯಲ್ಲಿ ಸುನೀಲಕುಮಾರನ ಹೇಳಿಕೆ ಪಡೆಯಲಾಯಿತು. ಎಡಗೈ ಹತ್ತಿಯ ಉಂಡೆಯಾಗಿತ್ತು.

"ಮಿಷನ್ ಕೆಟ್ರ ಯಾರನ್ನ ಕರೀತೀರಿ?"

"ಶ್ರೀನಿವಾಸ ಕಾಕಾನ್ನ. ಜೇವರ್ಗ್ಯಾಗೇ ಖೋಲಿ ಮಾಡ್ಕೊಂಡು ಇರ್ತಾನ್ರಿ. ಮೊದಲ ಎರಡು ತಿಂಗಳಿಗೊಮ್ಮೆ ಕೆಡ್ತಿತ್ತು. ಶ್ರಾವಣದಿಂದ ವಾರಕ್ಕೊಮ್ಮೆ. ಚೌಕಟ್ಟಿನ ಮೂಲಿ ಬಾಯಿ ಬಿಡೋದು. ಕಾಕಾ ಬರ್ತಿದ್ದ, ಗುನ್ಯಾ ಹಚ್ಚತಿದ್ದ, ಸೀದಾ ಮಾಡ್ತಿದ್ದ."

"ಶ್ರಾವಣದಾಗ ಏನಾತು?"

"ಅವನ ಜೋಡಿ ಕರೀಮಸಾಬ ತೀರಕೊಂಡ. ದೊಡ್ಡ ಗರಗಸ ಇಬ್ರೂ ಎಳೀತಿದ್ರು. ಒಬ್ಬ ಆ ಕಡಿ, ಒಬ್ಬ ಈ ಕಡಿ. ಆಳಂದದಿಂದ ಅಫಜಲಪುರ ತನಕ ಯಾರ ಮನಿ ಬಾಗಲಾ ನೋಡ್ರಿ, ಇವರಿಬ್ರೇ ಕೊಯ್ದದ್ದು."

"ಮುಂಜಾನಿ ಫೆನ್ಸ್ ನೂಕಿ ನೋಡಿದ್ರೇನು? ಗ್ವಾಡಿ ಮ್ಯಾಲೆ ಬರದದಲ್ಲ."

ಸುನೀಲಕುಮಾರ ಕಿಟಕಿಯ ಕಡೆ ತಿರುಗಿದ. "ಇಲ್ರಿ. ಶಿಕಂಜಾನೂ ಹಾಕಿದ್ದಿಲ್ಲ. ಹೋದ ವಾರನೇ ಕಾಕಾ ಸೆಟ್ ಮಾಡಿ ಹೋಗಿದ್ದ. ಕಾಕಾನ ಕೈ ಬಿದ್ದ ಮ್ಯಾಲೆ ನಾ ಯಾಕ ನೋಡ್ಲಿ?"

ಅದೇ ದಿನ 3:30. ಶ್ರೀನಿವಾಸ ಬಡಿಗೇರನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಬ್ಬರು ಮಾತಾಡುತ್ತಿದ್ದರು.

"ಎಳಿಯೋ, ಕರೀಮ್ಯಾ. ನಿದ್ದಿ ಹತ್ತೇತೇನು?"

"ತಡಿ ಮಾರಾಯಾ, ಬೀಡಿ ಮುಗೀಲಿ."

"ನಿನ್ನ ಬೀಡಿ ಮುಗಿಯೂದ್ರಾಗ ಗಿಡ ಮತ್ತ ಚಿಗೀತದ."

ಬಸವಂತರಾಯ ಲಾಠಿ ಬಿಗಿ ಹಿಡಿದರು. ಮಯೂರ ಅವರ ತೋಳು ಮುಟ್ಟಿ ತಡೆದ. ಅವನ ಮುಖದಲ್ಲಿ ನಗುವಿರಲಿಲ್ಲ. "ಸರ್, ದನಿ ಎರಡು. ಗಂಟಲು ಒಂದೇ."

ಒಳಗೆ ಇದ್ದದ್ದು ಒಬ್ಬನೇ. ಐವತ್ತೇಳರ ಒಣ ಆಳು, ನೆಲದ ಮೇಲೆ ಕೂತು ಉದ್ದನೆಯ ಹಳೆಯ ಗರಗಸಕ್ಕೆ ಎಣ್ಣೆ ಸವರುತ್ತಿದ್ದ. ಗರಗಸದ ಒಂದು ಹಿಡಿ ಅವನ ತೊಡೆಯ ಮೇಲೆ, ಇನ್ನೊಂದು ಎದುರಿನ ಗೋಡೆಗೆ. ಪಕ್ಕದಲ್ಲಿ ಮೊಬೈಲ್, ಮುಖ ಮೇಲಾಗಿ.

"ಸುನೀಲಗ ಹೆಂಗದರಿ?" ಅವನೇ ಮೊದಲು ಕೇಳಿದ.

"ಎರಡು ಬೆರಳು ಗಿಡ್ಡ ಆಗ್ಯಾವ. ಬೋಲ್ಟ್ ಬಿಚ್ಚಿದ್ದು ನೀವೇ?"

"ಬಿಚ್ಚಿಲ್ರಿ. ಮೊನ್ನಿ ಜಮೀರ ನಮಾಜಿಗಿ ಹೋದಾಗ ಸಡ್ಲ ಮಾಡಿದ್ದೆ. ಎಲ್ಲಾ ಸಲ ಅರ್ಧ ಕೂದಲೆಳಿ ಮೂಲಿ ತಪ್ಪಿಸ್ತಿದ್ದೆ ಅಷ್ಟೇ. ಚೌಕಟ್ಟು ಬಾಯಿ ಬಿಡ್ತಿತ್ತು, ಅವ ಫೋನ್ ಹಚ್ತಿದ್ದ. ಈ ಸಲ ಎಂಟು ದಿನ ಆದ್ರೂ ಫೋನ್ ಇಲ್ಲ. ಮೂಲಿ ತಪ್ಪಿದ್ದು ಅವನಿಗಿ ಕಾಣವಲ್ದು. ಅದಕ್ಕ ಫೆನ್ಸಿಗೇ ಕೈ ಹಾಕಿದೆ."

"ಯಾಕ?"

"ಆ ಮಿಷನ್ ಜೋಡಿ ಒಬ್ಬನೇ ನಿಲ್ಲಬೇಕ್ರಿ. ಕಿವಿಗಿ ಅದೇನೋ ಹಾಕ್ಕೊಂಡು. ಎದುರಿಗಿ ಯಾರೂ ಇರಂಗಿಲ್ಲ. ಕೆಟ್ಟಾಗ ಮಾತ್ರ ನನ್ನ ಕರೀತಿದ್ರು. ಬಂದ್ ಮಾಡಿ, ಪ್ಲಗ್ ಕಿತ್ತು, ಇಬ್ರೂ ಬಗ್ಗಿ ನೋಡ್ತಿದ್ವಿ. ಆಮ್ಯಾಲೆ ಚಾ." ಎಣ್ಣೆ ಬಟ್ಟೆಯನ್ನು ಮಡಚಿಟ್ಟ. "ಮುಂಜಾನಿ ನೂಕಿ ನೋಡ್ತಾನ, ಸಿಗ್ತದ, ಫೋನ್ ಹಚ್ತಾನ ಅಂದ್ಕೊಂಡಿದ್ದೆ. ಬರದು ಕೊಟ್ಟೀನಲ್ರಿ."

"ನೀವು ಸೆಟ್ ಮಾಡಿದ್ದು ಅಂತ ಅವ ನೋಡಲಿಲ್ಲಂತ."

ಶ್ರೀನಿವಾಸ ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿ, ಹಲ್ಲು ಯಾರಿಗೂ ತಾಕದಂತೆ ಗೋಡೆಯ ಕಡೆ ತಿರುಗಿಸಿಟ್ಟು, ಎದ್ದ.

ಸಂಜೆ 4:40ಕ್ಕೆ ಬಂಧನ. ಉದ್ದೇಶಪೂರ್ವಕ ಗಾಯದ ಕಲಂ ತೆಗೆದು ನಿರ್ಲಕ್ಷ್ಯದಿಂದ ತೀವ್ರ ಗಾಯ ಎಂಬ ಕಲಂ ಹಾಕಲು ನ್ಯಾಯಾಲಯಕ್ಕೆ ವರದಿ ತಯಾರಾಯಿತು. ಜಮೀರನ ಪಾಸ್‌ಪೋರ್ಟ್ ಕಡತದಲ್ಲಿ "ಆಕ್ಷೇಪಣೆ ಇಲ್ಲ" ಎಂದು ಬರೆದು ಬಸವಂತರಾಯ ಸಹಿ ಹಾಕಿದರು. ಆರೋಪಿಯ ಮೊಬೈಲ್‌ನಲ್ಲಿ ಶ್ರಾವಣದಿಂದ ಈಚೆಗೆ ಬಂದ ಕರೆ ಹನ್ನೊಂದು. ಎಲ್ಲವೂ ಒಂದೇ ನಂಬರಿನಿಂದ.

ಬಂಧನದ ಕಾಗದದಲ್ಲಿ ಒಂದು ಕಾಲಂ ಉಳಿದಿತ್ತು: ವಿಷಯ ತಿಳಿಸಬೇಕಾದ ಬಂಧು ಅಥವಾ ಸ್ನೇಹಿತ.

"ಯಾರಿಗಿ ತಿಳಸಬೇಕ್ರಿ?" ಮಯೂರ ತನ್ನದೇ ದನಿಯಲ್ಲಿ ಕೇಳಿದ.

ಶ್ರೀನಿವಾಸ ಒಂದು ನಂಬರನ್ನು ಬಾಯಿಪಾಠವಾಗಿ ಹೇಳಿದ. ಮಯೂರ ಬರೆಯುತ್ತ ಅರ್ಧಕ್ಕೇ ತಡೆದು ತಲೆಯೆತ್ತಿದ. ಸುನೀಲಕುಮಾರನ ನಂಬರು ಅದು. ಅವನು ಪಿಎಸ್‌ಐ ಕಡೆ ನೋಡಿದ. ಬಸವಂತರಾಯ ಬರೆದುಕೋ ಎಂಬಂತೆ ಕೈ ಆಡಿಸಿದರು.

"ನಿಮಗ ಏನಾಗಬೇಕ್ರಿ ಅವ್ರು? ಸಂಬಂಧ ಬರೀಬೇಕು."

"ಏನೂ ಆಗಬೇಕಾಗಿಲ್ರಿ," ಎಂದ ಶ್ರೀನಿವಾಸ. "ಮಿಷನ್ ಕೆಟ್ರ ಕರೀತಾನ."