ಕರೆಮ್ಮನ ಗೈರುಹಾಜರಿ

"ಲೈವ್ ಕ್ಲಾಸ್ ಅಂತ ಹೇಳೂದು ಸುಲಭ ಐತ್ರಿ ಸರ್! ಕಕ್ಕೇರಾ ಕಡಿ ದೊಡ್ಡಿಯೊಳಗ, ಹೊಲದ ನಡುವಿನ ನಾಕು ಮನಿಗೆ ನೆಟ್‌ವರ್ಕ್ ಎಲ್ಲೈತಿ?"

ಉಮಾಶ್ರೀಯ ದನಿಗೆ ಸ್ಟಾಫ್ ರೂಮೇ ತಿರುಗಿ ನೋಡಿತು. ಶಹಾಪುರದ ಆ ಕಾಲೇಜಿಗೆ ಅವಳು ಇತಿಹಾಸ ಕಲಿಸಲು ಬಂದು ಎರಡೇ ವಾರ. ಕೊರೊನಾದಿಂದ ಕ್ಲಾಸುಗಳು ನಿಂತಿದ್ದವು. ಮನೆಯಲ್ಲಿರುವ ವಿದ್ಯಾರ್ಥಿಗಳಿಗೆ ಪಾಠ ಹೇಗೆ ಮುಟ್ಟಿಸುವುದೆಂದು ಅವತ್ತು ತೀರ್ಮಾನವಾಗಬೇಕಿತ್ತು.

"ಪಾಠ ರೆಕಾರ್ಡ್ ಮಾಡಿ ಕಳಿಸೂಣ್ರಿ. ಸಿಗ್ನಲ್ ಸಿಕ್ಕಾಗ ಕೇಳ್ತಾರ."

"ಕೇಳ್ಯಾರೋ ಬಿಟ್ಟಾರೋ ಹೆಂಗ ತಿಳೀತದ ಮೇಡಂ?" ಎಂದ ಕಂಪ್ಯೂಟರ್ ವಿಭಾಗದ ಶರಣಕುಮಾರ. "ಲೈವ್ ಕ್ಲಾಸೇ ಇರ್ಲಿ. ಹಾಜರಿ ಕಡ್ಡಾಯ!"

ಎಷ್ಟು ಸೊಕ್ಕು! ಆದರೆ ಆ ಕಣ್ಣಲ್ಲಿ ಕಪಟವಿರಲಿಲ್ಲ...

ಅವನ ಮಾತೇ ನಡೆಯಿತು. ಜಗಳ ಮಾತ್ರ ದಿನಾ ಫೋನಿನಲ್ಲಿ ಮುಂದುವರಿಯಿತು. ನಡುವೆ ಯಾವಾಗಲೋ "ಊಟ ಆತೇನ್ರಿ?" ಎಂಬುದೂ ಸೇರಿಕೊಂಡಿತು. ಅವನು ಫೋನ್ ಮಾಡದ ದಿನ ಅವಳಿಗೆ ಏನೋ ಖಾಲಿ ಖಾಲಿ...

ಲೈವ್ ಕ್ಲಾಸ್ ಶುರುವಾದ ಮೂರನೇ ವಾರ ಸುದ್ದಿ ಬಂತು. ದೊಡ್ಡಿಯ ಹುಡುಗಿ ಕರೆಮ್ಮ, ಕ್ಲಾಸಿಗೆಂದು ನೀರಿನ ಟ್ಯಾಂಕ್ ಹತ್ತಿ ಸಿಗ್ನಲ್ ಹುಡುಕುವಾಗ ಜಾರಿ ಬಿದ್ದಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಉಮಾಶ್ರೀ ಆ ದಿನದ ಹಾಜರಿ ತೆರೆದಳು. ಶರಣಕುಮಾರನ ಕ್ಲಾಸು. ಕರೆಮ್ಮನ ಹೆಸರಿನ ಮುಂದೆ... ಗೈರು!

"ಹುಡುಗಿ ಸತ್ತಾಳ್ರೀ! ನೀವು ಗೈರು ಹಾಕೀರಿ! ನಿಮಗ ಎದಿ ಅನ್ನೂದು ಐತೇನು?"

ಉತ್ತರಕ್ಕೂ ಕಾಯದೆ ಫೋನ್ ಇಟ್ಟಳು. ಅವನ ನಂಬರನ್ನೇ ಬ್ಲಾಕ್ ಮಾಡಿದಳು.

ತಿಂಗಳ ಮೇಲೆ ಕರೆಮ್ಮನ ತಾಯಿ ಮರಿಲಿಂಗಮ್ಮನನ್ನು ನೋಡಲು ಉಮಾಶ್ರೀ ದೊಡ್ಡಿಗೆ ಹೋದಾಗ, ಆ ತಾಯಿ ಹೊರಗೆ ಬೇವಿನ ಮರದತ್ತ ಕೈ ತೋರಿಸಿದಳು.

"ಆ ಸರ್ ವಾರಾ ವಾರಾ ಬರ್ತಾರವ್ವಾ. ಹುಡುಗ್ಯಾರಿಗೆ ಪಾಠ ಬರದು ತಂದು ಕೊಡ್ತಾರ. ಮದಲ್ನೇ ದಿನ 'ತಪ್ಪು ನಂದವ್ವಾ' ಅಂತ ಕಾಲು ಹಿಡದು ಅತ್ತರು. ಮಾಫ್ ಮಾಡೂದು ನನ್ನ ಕೈಲೆ ಆಗಿಲ್ಲ... ಆದ್ರೂ ಬರ್ತಾರ."

ಉಮಾಶ್ರೀ ಮರದ ಕಡೆ ನಡೆದಳು. ಶರಣಕುಮಾರ ಸೊರಗಿ ಅರ್ಧವಾಗಿದ್ದ.

"ನಿಮ್ಮ ಮಾತು ಕೇಳಿದ್ರ ಆಕಿ ಇರ್ತಿದ್ಲು," ಎಂದ. "ಸ್ಕ್ರೀನಿನ್ಯಾಗ ಕಾಣ್ಲಿಲ್ಲ, ಮೈಗಳ್ಳತನ ಅಂದ್ಕೊಂಡೆ..."

ಸಮಾಧಾನದ ಸುಳ್ಳು ಅವಳ ನಾಲಿಗೆಗೆ ಬರಲಿಲ್ಲ.

"ಹೌದ್ರಿ. ಇರ್ತಿದ್ಲು."

ಅವನು ಕೈಯಲ್ಲಿದ್ದ ಪಾಠದ ಹಾಳೆಗಳನ್ನು ಮಡಚಿಟ್ಟ.

"ನಿಮ್ಮ ಮ್ಯಾಲ ಪ್ರೀತಿ ಐತಿ ಅನ್ನಾಕ ನನಗ ಯೋಗ್ಯತಾ ಉಳದಿಲ್ಲ, ಉಮಾ."

ಅವಳ ಕಣ್ಣು ತುಂಬಿ ಬಂತು. "ನಾ ಯೋಗ್ಯತಾ ಕೇಳಿಲ್ಲ. ಮುಂದಿನ ವಾರ ಒಬ್ಬರೇ ಬರಬ್ಯಾಡ್ರಿ. ನಾನೂ ಬರ್ತೀನಿ."

"ಆ ತಾಯಿ ಬೈದ್ರ?"

ಅವಳು ಅವನ ಕೈ ಹಿಡಿದಳು.

"ಇಬ್ರೂ ಬೈಸಿಕೊಳ್ಳೂಣು."